ಸಕ್ಕರೆ ಹೊದ್ದ ಔಷಧಕಣ

ವೇಗವಾಗಿ ವಿಭಜನೆಯಾಗುವ ಜೀವಕೋಶಗಳನ್ನು ಕೊಲ್ಲುವುದು ಬಹುಪಾಲು ಕೀಮೋಥೆರಪಿ ಔಷಧಗಳ ಕೆಲಸ. ಕೂದಲಿನ ಬುಡ, ಕರುಳಿನ ಒಳಪದರ, ಮೂಳೆಮಜ್ಜೆಯ ಕೋಶಗಳೂ ವೇಗವಾಗಿಯೇ ವಿಭಜನೆಯಾಗುವುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಡಾಕ್ಸೊರುಬಿಸಿನ್ ಎಂಬ ಇಂಥ ಔಷಧ ಹೃದಯದ ಸ್ನಾಯುವಿಗೂ ಹಾನಿ ಮಾಡಬಲ್ಲದು. ಔಷಧ ಮೈಯೆಲ್ಲ ಹರಡದೆ ಗಡ್ಡೆಯನ್ನೇ ಸೇರಲಿ ಎಂದು ರೂಪಿಸಿದ ವಾಹಕಗಳಲ್ಲಿ ಒಂದು, ಸಕ್ಕರೆ ಹೊದಿಕೆಯ ಪಾಲಿಮರ್ ನ್ಯಾನೊಕಣ.

ಇಂಥ ಕಣದ ಅಗಲ ಸಾಮಾನ್ಯವಾಗಿ 200 ನ್ಯಾನೊಮೀಟರಿಗಿಂತ ಕಡಿಮೆ. ತಲೆಗೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲು. ತಿರುಳಿಗೆ ಹೆಚ್ಚಾಗಿ ಬಳಸುವುದು ಲ್ಯಾಕ್ಟಿಕ್ ಆಮ್ಲದ ಪಾಲಿಮರನ್ನು, ಇಲ್ಲವೇ ಅದರೊಡನೆ ಗ್ಲೈಕೋಲಿಕ್ ಆಮ್ಲ ಬೆರೆತ ಪಾಲಿಮರನ್ನು. ಹಾಲನ್ನು ಮೊಸರಾಗಿಸುವ ಈ ಲ್ಯಾಕ್ಟಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ತಯಾರಿಸುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳ ಕಬ್ಬಿನಲ್ಲಿರುವ ಸುಕ್ರೋಸ್ ಕೂಡ ಈ ಹುದುಗುವಿಕೆಗೆ ಒದಗಬಲ್ಲದು. ಥಾಯ್ಲೆಂಡಿನಲ್ಲಿ ಕಬ್ಬಿನ ಸಕ್ಕರೆಯಿಂದಲೇ ಇಂಥ ಪಾಲಿಮರನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ದೇಹದೊಳಗೆ ಪಾಲಿಮರ್ ನಿಧಾನವಾಗಿ ಕರಗುತ್ತ ಔಷಧವನ್ನು ಬಿಟ್ಟುಕೊಡುತ್ತದೆ. ಉಳಿದ ಆಮ್ಲ ಕೊನೆಗೆ ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ಹೊದಿಕೆಗೆ ಎರಡು ಕೆಲಸ. ಬರಿಯ ಕಣ ರಕ್ತಕ್ಕೆ ಇಳಿದೊಡನೆ ಪ್ರೋಟೀನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಅದನ್ನು ನುಂಗಿಬಿಡುತ್ತವೆ. ನೀರನ್ನು ಹಿಡಿದಿಡುವ ಡೆಕ್ಸ್ಟ್ರಾನ್‌ನಂಥ ಸಕ್ಕರೆ ಸರಪಳಿಗಳು ಇದನ್ನು ತಡಮಾಡುತ್ತವೆ. ಎರಡನೆಯದು ಗುರಿ ಹಿಡಿಯುವ ಕೆಲಸ. ಅನೇಕ ಗಡ್ಡೆಗಳ ಕೋಶಗಳ ಮೇಲೆ ಸಿಡಿ44 ಎಂಬ ಗ್ರಾಹಕ ಹೇರಳವಾಗಿದ್ದು, ಹಯಲುರಾನಿಕ್ ಆಮ್ಲ ಎಂಬ ಸಕ್ಕರೆ ಸರಪಳಿ ಅದಕ್ಕೆ ಅಂಟಿಕೊಳ್ಳುತ್ತದೆ. ಯಕೃತ್ತಿನ ಕೋಶಗಳ ಗ್ರಾಹಕವೊಂದು ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಹಿಡಿದ ಕಣವನ್ನು ಕೋಶ ಒಳಗೆಳೆದುಕೊಳ್ಳುತ್ತದೆ. ಈ ಕಣಗಳನ್ನು ರಕ್ತನಾಳಕ್ಕೆ ಚುಚ್ಚುಮದ್ದಾಗಿ ಕೊಡಬೇಕು. ಸಕ್ಕರೆ, ಬೆಲ್ಲ ತಿನ್ನುವುದರಿಂದ ಇಂಥ ಪರಿಣಾಮ ಆಗುವುದಿಲ್ಲ.

ಗಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲಿ ಶೇಖರವಾಗುತ್ತವೆ ಎಂದು ಜಪಾನಿನ ಮತ್ಸುಮುರಾ ಮತ್ತು ಮಯೇಡಾ 1986ರಲ್ಲಿ ತೋರಿಸಿದರು. ಆದರೂ ತಲುಪುವ ಪಾಲು ಅಲ್ಪ: ಅದುವರೆಗಿನ ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಚುಚ್ಚಿದ ನ್ಯಾನೊಕಣಗಳಲ್ಲಿ ಗಡ್ಡೆ ಸೇರಿದ್ದರ ಮಧ್ಯಾಂಕ ಶೇ. 0.7 ಮಾತ್ರ. ಗುರಿಯೂ ಯಾವಾಗಲೂ ನಿಖರವಲ್ಲ. ಗ್ಯಾಲಕ್ಟೋಸಮೈನ್ ಜೋಡಿಸಿದ ಪಾಲಿಮರ್ ಸರಪಳಿಯಲ್ಲಿ ಡಾಕ್ಸೊರುಬಿಸಿನ್ ಇಟ್ಟು ಯಕೃತ್ತಿನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಔಷಧ ಯಕೃತ್ತನ್ನು ಸೇರಿತ್ತು, ಆದರೆ ಹೆಚ್ಚಿನ ಪಾಲು ಗಡ್ಡೆಯಿಲ್ಲದ ಭಾಗದಲ್ಲಿತ್ತು.

ಸಕ್ಕರೆಯಿಂದ ಗುರಿ ಹಿಡಿಯದ ವಾಹಕಗಳು ಈಗಾಗಲೇ ಚಿಕಿತ್ಸೆಯಲ್ಲಿವೆ: ಡಾಕ್ಸೊರುಬಿಸಿನ್ ತುಂಬಿದ ಕೊಬ್ಬಿನ ಕೋಶಿಕೆಗಳಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋಥೆರಪಿ ಔಷಧ ಹೊತ್ತ ಪಾಲಿಮರ್ ಕಣಗಳಿಗೆ ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ. ಸಕ್ಕರೆ ಹೊದಿಕೆಯವು ಬಹುತೇಕ ಪ್ರಯೋಗಾಲಯದಲ್ಲಿವೆ. ಎಲ್ಲ ಕಣಗಳೂ ಒಂದೇ ಗಾತ್ರದಲ್ಲಿರಬೇಕು, ಹೊದಿಕೆ ರಕ್ತದಲ್ಲಿ ಕಳಚಬಾರದು, ಗಡ್ಡೆ ತಲುಪುವ ಮೊದಲೇ ಔಷಧ ಸೋರಬಾರದು. ಈ ಮೂರನ್ನೂ ಸಾಧಿಸಿ, ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಅಡ್ಡಪರಿಣಾಮ ನಿಜವಾಗಿ ತಗ್ಗುತ್ತದೆಂದು ತೋರಿಸಿದ ಮೇಲಷ್ಟೇ ಇವು ರೋಗಿಗಳಿಗೆ ದೊರೆಯಬಲ್ಲವು.