ಹೆಸರಿಲ್ಲದ ಅಭಿಮಾನಿಗಳು... ನಾನೂ ಅವರಲ್ಲೊಬ್ಬ!

ಮೊದಲಿಗೇ ಒಂದು ಪ್ರಶ್ನೆ. ಚಿತ್ರ ಮುಗಿದ ಮೇಲೆ ತೆರೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಏರಿ ಹೋಗುತ್ತವಲ್ಲ, ಅದನ್ನು ಕೂತು ಓದಿದವರು ನಿಮ್ಮಲ್ಲಿ ಎಷ್ಟು ಜನ? ಸುಳ್ಳು ಹೇಳಬೇಡಿ! ಸ್ಟ್ಯಾಂಡಿನಿಂದ ಸೈಕಲ್ ಮೊದಲು ತೆಗೆಯಬೇಕು, ಕೊನೆಯ ಬಸ್ ಹಿಡಿಯಬೇಕು ಅಂತ ಎದ್ದು ಓಡಿದವರೇ ಎಲ್ಲ. ನಾನೂ ಹಾಗೇ ಓಡಿದವನು. ಆ ಹೆಸರುಗಳ ಬೆಲೆ ನನಗೆ ತಿಳಿದದ್ದು ತಡವಾಗಿ. ಅದೂ ನಮ್ಮ ಚಿತ್ರಗಳಿಂದಲ್ಲ, ಜಪಾನಿನ ಗೊಂಬೆ ಚಿತ್ರಗಳಿಂದ.

ನಾನು ನಟನಲ್ಲ, ನಿರ್ದೇಶಕನಲ್ಲ. ಗಾಂಧಿನಗರದ ಯಾವ ಆಫೀಸಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ, ದಾವಣಗೆರೆ ಕಡೆಯ ಸಾಧಾರಣ ಮನುಷ್ಯ. ವಯಸ್ಸು ನಲವತ್ತು ದಾಟಿದೆ. ಇರುವ ಹುಚ್ಚು ಒಂದೇ, ಜಪಾನಿನ ಕಾರ್ಟೂನು. ಅಲ್ಲಿಯವರು ಅದಕ್ಕೆ ಆನಿಮೆ ಅಂತಾರೆ. 'ಮಕ್ಕಳ ಚಿತ್ರ ನೋಡ್ತೀರಲ್ಲಾ, ನಾಚಿಕೆ ಆಗಲ್ವಾ?' ಎಂದು ಕೇಳಿ ಕೇಳಿ ನನ್ನ ಹೆಂಡತಿ ಈಗ ಸುಸ್ತಾಗಿ ಬಿಟ್ಟಿದ್ದಾಳೆ!

ನಗಬೇಡಿ. ನಿಮ್ಮ ಮನೆಯಲ್ಲೂ ಈ ರೋಗದ ಬೀಜ ಬಿದ್ದಿತ್ತು. 1993ರಲ್ಲಿ ದೂರದರ್ಶನದಲ್ಲಿ ಮೌಗ್ಲಿಯ 'ಜಂಗಲ್ ಬುಕ್' ಬರುತ್ತಿತ್ತಲ್ಲ? ಗುಲ್ಜಾರ್ ಬರೆದ ಹಾಡು, ವಿಶಾಲ್ ಭಾರದ್ವಾಜ್ ಸಂಗೀತ, ಹುಲಿ ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ! ಅದು ಅಪ್ಪಟ ಜಪಾನಿ ಸರಕು ಸ್ವಾಮಿ. ನಿಪ್ಪೊನ್ ಆನಿಮೇಷನ್ ಎಂಬ ಕಂಪೆನಿ ಮಾಡಿದ್ದು. ಹನ್ನೆರಡು ವರ್ಷದ ನನಗೆ ಅದು ಗೊತ್ತಿರಲಿಲ್ಲ. ಪಕ್ಕದ ಮನೆಯ ಕಿಟಕಿಗೆ ನೇತುಬಿದ್ದು ನೋಡುವವನಿಗೆ ಯಾವ ದೇಶವಾದರೇನು?

ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ರಾತ್ರಿ ಪಾಳಿ, ಕೈಯಲ್ಲಿ ಇಂಟರ್‌ನೆಟ್ಟು. ಆ ಕಾಲದಲ್ಲಿ ಜಪಾನಿನ ಟೀವಿಯಲ್ಲಿ ಬಂದ ಸರಣಿ ಹೊರದೇಶಕ್ಕೆ ಅಧಿಕೃತವಾಗಿ ಬರಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕಿತ್ತು. ಕಾಯುವ ತಾಳ್ಮೆ ಅಭಿಮಾನಿಗೆ ಎಲ್ಲಿಂದ ಬರಬೇಕು? ಅವರೇ ಗುಂಪು ಕಟ್ಟಿಕೊಂಡು, ಸಂಭಾಷಣೆಯನ್ನು ಇಂಗ್ಲಿಷಿಗೆ ಅನುವಾದಿಸಿ, ಚಿತ್ರದ ಕೆಳಗೆ ಅಕ್ಷರ ಕೂರಿಸಿ ಹಂಚುತ್ತಿದ್ದರು. ಇದಕ್ಕೆ ಫ್ಯಾನ್‌ಸಬ್ ಎಂದು ಹೆಸರು. ಕಾಸು ತೆಗೆದುಕೊಳ್ಳುವಂತಿಲ್ಲ. ಹೆಸರು ಹಾಕುವಂತಿಲ್ಲ, ಹಾಕಿದರೂ ಅಡ್ಡಹೆಸರು. 2005ರ ಕೊನೆಗೆ ನಾನೂ ಅಂಥದೊಂದು ಗುಂಪಿಗೆ ಸೇರಿದೆ.

ಸೇರಿದ ಮೇಲೆ ಗೊತ್ತಾಯಿತು, ಅಲ್ಲಿದ್ದವರಲ್ಲಿ ಅರ್ಧ ಜನ ನನ್ನ ಜಾತಿಯವರೇ, ಅಂದರೆ ಪ್ರೋಗ್ರಾಂ ಬರೆಯುವವರು! ಸಲಕರಣೆಗಳೂ ಅಭಿಮಾನಿಗಳು ಹೊಸೆದವೇ. ವಿಡಿಯೋ ಕತ್ತರಿಸಿ ಜೋಡಿಸುವ ವರ್ಚುವಲ್‌ಡಬ್ ಎಂಬ ತಂತ್ರಾಂಶವನ್ನು ಏವರಿ ಲೀ ಎಂಬಾತ ಕಾಲೇಜಿನಲ್ಲಿದ್ದಾಗ ಆನಿಮೆಯ ಹುಚ್ಚಿನಲ್ಲೇ ಬರೆದದ್ದು. ಅಕ್ಷರ ಕೂರಿಸುವ ಈಜಿಸಬ್ ಶುರುವಾದದ್ದು 2005ರಲ್ಲಿ, ಅದೂ ಅಭಿಮಾನಿಗಳ ಕೈಕೆಲಸ.

ನನ್ನ ಪಾಲಿನ ಕೆಲಸ 'ಟೈಮಿಂಗ್'. ಕೇಳಲು ಸುಲಭ. ಇಪ್ಪತ್ನಾಲ್ಕು ನಿಮಿಷದ ಒಂದು ಕಂತಿನಲ್ಲಿ ಮುನ್ನೂರು ನಾನೂರು ಮಾತು. ಪ್ರತಿ ಮಾತಿನ ಅಕ್ಷರ ಯಾವ ಕ್ಷಣಕ್ಕೆ ತೆರೆಗೆ ಬರಬೇಕು, ಯಾವ ಕ್ಷಣಕ್ಕೆ ಹೋಗಬೇಕು ಅಂತ ಗುರುತು ಹಾಕುವುದು. ಸೆಕೆಂಡಿಗೆ ಸುಮಾರು 24 ಚಿತ್ರಗಳು ಓಡುತ್ತವೆ. ಅಕ್ಷರ ದನಿಗಿಂತ ಒಂದು ಕೂದಲೆಳೆ ಮೊದಲು ಬರಬೇಕು, ದನಿ ನಿಂತ ಮೇಲೆ ಕೊಂಚ ನಿಲ್ಲಬೇಕು. ಆದರೆ ದೃಶ್ಯ ಬದಲಾದ ಮೇಲೂ ಎರಡು ಚಿತ್ರದಷ್ಟು ಉಳಿದುಬಿಟ್ಟರೆ ಕಣ್ಣಿಗೆ ಚುರುಕ್ ಅನ್ನುತ್ತದೆ, ನೋಡುವವನು ಅದೇ ಸಾಲನ್ನು ಮತ್ತೆ ಓದುತ್ತಾನೆ. ನಾನು ಒಂದು ಸಣ್ಣ ಪ್ರೋಗ್ರಾಂ ಬರೆದೆ. ದೃಶ್ಯ ಎಲ್ಲಿ ಕತ್ತರಿಸಿದೆ ಎಂದು ಅದೇ ಪತ್ತೆ ಹಚ್ಚಿ, ತಪ್ಪಿದ ಸಾಲುಗಳನ್ನು ಅಲ್ಲಿಗೆ ಎಳೆದು ಕೂರಿಸುತ್ತಿತ್ತು. ಆಫೀಸಿನಲ್ಲಿ ನಾನು ಬರೆದ ಯಾವ ಪ್ರೋಗ್ರಾಮಿಗೂ ಅಷ್ಟು ಶ್ರದ್ಧೆ ಹಾಕಿರಲಿಲ್ಲ. ಇದು ಆಗಿನ ಮ್ಯಾನೇಜರಿಗೂ ತಿಳಿಯಿತು! ಆಫೀಸಿನ ನೆಟ್ಟಿನಲ್ಲಿ ರಾತ್ರಿಯಿಡೀ ಚಿತ್ರ ಇಳಿಸುತ್ತಿದ್ದವನು ಸಿಕ್ಕಿಬಿದ್ದೆ. ಕೆಲಸ ಉಳಿದದ್ದು ಅವರ ದೊಡ್ಡಗುಣ, ತಪ್ಪು ಪೂರಾ ನನ್ನದು.

ಇದು ಕಳ್ಳಮಾಲಲ್ಲವೇ ಅಂತ ನೀವು ಕೇಳಬಹುದು. ಹೌದು, ಕಾನೂನಿನ ಕಣ್ಣಿಗೆ ಕಳ್ಳಮಾಲೇ. ಸರಣಿಯ ಹಕ್ಕನ್ನು ಹೊರದೇಶದ ಕಂಪೆನಿ ಕೊಂಡಿತೆಂದರೆ ಹಂಚುವುದನ್ನು ನಿಲ್ಲಿಸಬೇಕು ಎಂಬ ಕಟ್ಟಳೆ ನಮ್ಮೊಳಗೆ ಇತ್ತು. ಪಾಲಿಸಿದವರೂ ಇದ್ದರು, ಕಣ್ಣು ಮುಚ್ಚಿಕೊಂಡವರೂ ಇದ್ದರು. ನಾನು ಎರಡೂ ಆಗಿದ್ದೆ. ಇನ್ನು ಗುಂಪು ಗುಂಪಿನ ನಡುವಿನ ಜಗಳ ಕೇಳಬೇಡಿ. ಯಾರದು ಮೊದಲು, ಯಾರದು ಶುದ್ಧ! ಎರಡು ಸ್ಟಾರ್‌ಗಳ ಅಭಿಮಾನಿ ಸಂಘಗಳು ಒಂದೇ ಶುಕ್ರವಾರ ಒಂದೇ ಬೀದಿಯಲ್ಲಿ ಕಟೌಟ್ ನಿಲ್ಲಿಸಿದ ಹಾಗೆ.

ನಮ್ಮ ಗುಂಪಿಗೆ ಪ್ರಾಣ ಎಂದರೆ 2006ರಲ್ಲಿ ಬಂದ 'ಹರುಹಿ ಸುಝುಮಿಯಾ'. ಕ್ಯೋಟೋ ಆನಿಮೇಷನ್ ಸಂಸ್ಥೆಯ ಸರಣಿ. ಹದಿನಾಲ್ಕು ಕಂತು. ಆದರೆ ಟೀವಿಯಲ್ಲಿ ಅವನ್ನು ಕಥೆಯ ಕ್ರಮದಲ್ಲಿ ತೋರಿಸಲಿಲ್ಲ, ಬೇಕೆಂದೇ ಹಿಂದುಮುಂದು ಮಾಡಿದರು! ನಮ್ಮ ಟೂರಿಂಗ್ ಟಾಕೀಸಿನ ಆಪರೇಟರ್ ರೀಲು ಅದಲುಬದಲು ಮಾಡಿದರೆ ನಾವು ಸೀಟಿ ಹೊಡೆದು ಗಲಾಟೆ ಮಾಡುತ್ತಿದ್ದೆವು. ಇವರು ಅದನ್ನೇ ಕಲೆ ಮಾಡಿಬಿಟ್ಟರು. ಸರಿ, ಅಭಿಮಾನಿಗಳಿಗೆ ಕೆಲಸ ಸಿಕ್ಕಿತು. ಈ ಕ್ರಮದಲ್ಲಿ ನೋಡಿದರೆ ಹೇಗೆ, ಆ ಕ್ರಮದಲ್ಲಿ ನೋಡಿದರೆ ಹೇಗೆ? ಒಬ್ಬ ಕೇಳಿದ: ಹದಿನಾಲ್ಕನ್ನೂ ಸಾಧ್ಯವಿರುವ ಎಲ್ಲ ಕ್ರಮದಲ್ಲೂ ನೋಡಬೇಕು, ಆದರೆ ಒಂದೇ ಓಟದಲ್ಲಿ. ಕಡಿಮೆ ಎಂದರೆ ಎಷ್ಟು ಕಂತು ನೋಡಬೇಕು?

ಲೆಕ್ಕ ಅಂತ ಪುಟ ತಿರುಗಿಸಬೇಡಿ, ಮಜಾ ಇದೆ. ಮೂರೇ ರೀಲು ಎಂದುಕೊಳ್ಳಿ. ಅವಕ್ಕೆ ಆರು ಕ್ರಮ. ಬೇರೆ ಬೇರೆಯಾಗಿ ನೋಡಿದರೆ ಹದಿನೆಂಟು ರೀಲು. ಆದರೆ 1-2-3-1-2-1-3-2-1 ಎಂದು ಓಡಿಸಿ ನೋಡಿ. ಒಂಬತ್ತರಲ್ಲೇ ಆರೂ ಕ್ರಮ ಬಂದುಹೋಗುತ್ತವೆ, ಒಂದರ ಬಾಲ ಇನ್ನೊಂದರ ತಲೆಯಾಗುತ್ತದೆ. ಹದಿನಾಲ್ಕಕ್ಕೆ ಎಷ್ಟು? 2011ರಲ್ಲಿ ಒಬ್ಬ ಅನಾಮಧೇಯ ಅಭಿಮಾನಿ, ಹರಟೆಯ ನಡುವೆ, ಇಷ್ಟಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಎಂದು ಸಾಧಿಸಿ ತೋರಿಸಿ ಹೊರಟುಹೋದ. ಅವನ ಲೆಕ್ಕದಂತೆ 9,388 ಕೋಟಿ 43 ಲಕ್ಷ 13 ಸಾವಿರದ 611 ಕಂತು. ನಿದ್ದೆ ಊಟ ಬಿಟ್ಟು ನೋಡಿದರೂ 42 ಲಕ್ಷ ವರ್ಷಕ್ಕೆ ಮೇಲೆ!

ಏಳು ವರ್ಷ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. 2018ರಲ್ಲಿ ಗಣಿತದ ಪಂಡಿತರ ಕಣ್ಣಿಗೆ ಬಿತ್ತು. ಬೆಚ್ಚಿಬಿದ್ದರು. ಅವರೇ ವರ್ಷಗಟ್ಟಲೆ ಒದ್ದಾಡುತ್ತಿದ್ದ ಲೆಕ್ಕ ಅದು! ರಾಬಿನ್ ಹ್ಯೂಸ್ಟನ್, ಜೇ ಪ್ಯಾಂಟೋನ್, ವಿನ್ಸ್ ವ್ಯಾಟರ್ ಎಂಬ ಮೂವರು ಅದನ್ನು ತಿದ್ದಿ ಪ್ರಬಂಧವಾಗಿ ಬರೆದರು. ಲೇಖಕರ ಪಟ್ಟಿಯಲ್ಲಿ ಮೊದಲ ಹೆಸರು ಯಾರದು ಗೊತ್ತೇ? 'ಅನಾಮಧೇಯ'! ಟೈಟಲ್ ಕಾರ್ಡಿನಲ್ಲಿ ಇಂಥ ಮರ್ಯಾದೆ ಯಾವ ಅಭಿಮಾನಿಗೆ ಸಿಕ್ಕಿದೆ ಹೇಳಿ. ಅವನು ಯಾರೆಂಬುದು ಗುಟ್ಟಾಗಿಯೇ ಉಳಿಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಬಳಿಯೂ ಒಬ್ಬ ಅನಾಮಧೇಯನಿದ್ದ.

ನಮ್ಮ ಗುಂಪಿನ ಅನುವಾದಕ. ನಾಲ್ಕು ವರ್ಷ ವಾರಕ್ಕೆ ಮೂರು ರಾತ್ರಿ ಅವನ ಜೊತೆ ಕೆಲಸ ಮಾಡಿದ್ದೇನೆ. ಮಾತೆಲ್ಲ ಟೈಪು ಮಾಡಿಯೇ. ಅವನ ಅಡ್ಡಹೆಸರು ಒಂದು ಮೀನಿನ ಹೆಸರು. ನನಗೆ ನಡುರಾತ್ರಿಯಾದಾಗ ಅವನಿಗೆ ಮಧ್ಯಾಹ್ನ, ಗೊತ್ತಿದ್ದದ್ದು ಅಷ್ಟೇ. ಆದರೂ ನಮ್ಮ ತಂದೆ ಆಸ್ಪತ್ರೆಯಲ್ಲಿದ್ದ ತಿಂಗಳು ನನ್ನ ಪಾಲಿನ ಕೆಲಸವನ್ನೂ ತಾನೇ ಮಾಡಿ, ಅದನ್ನು ಯಾರಿಗೂ ಹೇಳದೆ ಇದ್ದವನು ಅವನು. ಜಗಳವೂ ಆಡಿದ್ದೇವೆ. ಜಪಾನಿನಲ್ಲಿ ತಂಗಿ ಅಣ್ಣನನ್ನು ಸಾಧಾರಣವಾಗಿ 'ಓನೀಚಾನ್' ಎಂದು ಕರೆಯುತ್ತಾಳೆ. ಇಂಗ್ಲಿಷಿನಲ್ಲಿ ಏನು ಹಾಕುವುದು? ಹೆಸರು ಹಾಕಿದರೆ ಸಲುಗೆ ಹೋಯಿತು, 'ಬ್ರದರ್' ಅಂದರೆ ಪಾದ್ರಿಯನ್ನು ಕರೆದಂತೆ. ಇಡೀ ರಾತ್ರಿ ಚರ್ಚೆ! 'ನಮ್ಮ ಭಾಷೆಯಲ್ಲಾದರೆ ಅಣ್ಣ ಅಂದರೆ ಮುಗೀತು' ಎಂದೆ. 'ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಹಾಗೇ ಕರೀತೀವಿ, ಜಪಾನಿನವರ ಹಾಗೇ. ಕ್ರಿಯಾಪದವೂ ನಿಮ್ಮ ಜಪಾನಿಯಂತೆ ಕೊನೆಗೇ ಬರುತ್ತೆ' ಎಂದೆ. ಅವನು ಬರೆದ: 'ಹಾಗಾದರೆ ನಿನ್ನ ಭಾಷೆಯಲ್ಲೇ ಯಾಕೆ ಮಾಡುತ್ತಿಲ್ಲ?' ನನ್ನಲ್ಲಿ ಉತ್ತರವಿರಲಿಲ್ಲ.

2009ರಲ್ಲಿ ಹರುಹಿಯ ಹೊಸ ಕಂತುಗಳು ಬಂದವು. ಮೊದಲ ಸರಣಿಯ ಹಕ್ಕು ಅಮೆರಿಕಕ್ಕೆ ಹೋಗಿದೆಯೆಂದು ಗೊತ್ತಿದ್ದೂ ಕೆಲಸಕ್ಕೆ ಕೂತೆವು. ಆ ಬೇಸಿಗೆಯಲ್ಲಿ ಕ್ಯೋಟೋದವರು ಒಂದು ಕಿತಾಪತಿ ಮಾಡಿದರು. ಬೇಸಿಗೆ ರಜೆಯ ಕೊನೆ ಮತ್ತೆ ಮತ್ತೆ ಮರುಕಳಿಸುವ ಕಥೆ. ಅದನ್ನು ಎಂಟು ವಾರ, ಎಂಟು ಕಂತು, ಹೆಚ್ಚುಕಮ್ಮಿ ಅದೇ ಮಾತು! ಪ್ರತಿ ಸಲವೂ ಹೊಸದಾಗಿ ಚಿತ್ರ ಬರೆದು, ಹೊಸದಾಗಿ ದನಿ ಕೊಡಿಸಿ. ಅಭಿಮಾನಿಗಳು ಕೆಂಡಾಮಂಡಲ. ಹಳೆಯ ಸಾಲುಗಳನ್ನೇ ಅಂಟಿಸಿಬಿಡೋಣ ಎಂದೆ ನಾನು. 'ಅವರು ಮತ್ತೆ ಬರೆದಿದ್ದಾರೆ, ನಾವೂ ಮತ್ತೆ ಬರೆಯೋಣ' ಎಂದ ಅವನು. ಐದನೆಯ ವಾರ 187 ಸಾಲು ಕಳಿಸಿದ. ಉಳಿದದ್ದು ನಾಳೆ ಎಂದ. ನಾಳೆ ಬರಲಿಲ್ಲ. ಆ ವಾರ ಬರಲಿಲ್ಲ, ಆ ವರ್ಷ ಬರಲಿಲ್ಲ. ಸತ್ತನೋ, ಮದುವೆಯಾದನೋ, ಬೇಸರವಾಯಿತೋ? ವಿಚಾರಿಸೋಣವೆಂದರೆ ಯಾರನ್ನು? ಏನೆಂದು? ಪೊಲೀಸರಿಗೆ ಮೀನಿನ ಹೆಸರು ಕೊಡಲಿಕ್ಕಾಗುತ್ತದೆಯೇ!

ಆ ಫೈಲು ಇನ್ನೂ ನನ್ನ ಬಳಿ ಇದೆ. 188ರಿಂದ ಮುಂದೆ ಖಾಲಿ.

ಗುಂಪು ಒಡೆಯಿತು. ಹೇಗೂ ಒಡೆಯುತ್ತಿತ್ತು. ಅಭಿಮಾನಿಗಳು ಏರಿಸಿದ ಕಳ್ಳಪ್ರತಿಗಳಿಂದಲೇ 2006ರಲ್ಲಿ ಶುರುವಾದ ಕ್ರಂಚಿರೋಲ್, 2009ರಿಂದ ಹಕ್ಕು ಕೊಂಡು, ಜಪಾನಿನ ಪ್ರಸಾರದ ಬೆನ್ನಿಗೇ ಇಂಗ್ಲಿಷ್ ಸಾಲುಗಳೊಂದಿಗೆ ತೋರಿಸತೊಡಗಿತು. ನಮ್ಮ ಅಂಗಡಿಗೆ ಗಿರಾಕಿ ಎಲ್ಲಿ?

2019ರ ಜುಲೈ 18. ಆಫೀಸಿನಲ್ಲಿದ್ದೆ. ಕ್ಯೋಟೋ ಆನಿಮೇಷನ್ನಿನ ಸ್ಟುಡಿಯೋಗೆ ಒಬ್ಬ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ ಸುದ್ದಿ ಬಂತು. ಸತ್ತವರು 36 ಜನ. ಹೆಸರು ಪ್ರಕಟಿಸಬೇಡಿ ಎಂದು ಎಷ್ಟೋ ಕುಟುಂಬಗಳು ಬೇಡಿಕೊಂಡಿದ್ದವು. ಆಗಸ್ಟಿನಲ್ಲಿ ಪಟ್ಟಿ ಬಂತು. 2009ರ ಆ ಸರಣಿಯ ನಿರ್ದೇಶಕ ಯಸುಹಿರೊ ತಕೆಮೊಟೊ ಅದರಲ್ಲಿದ್ದರು. ಹಿರಿಯ ಚಿತ್ರಕಾರ ಯೋಶಿಜಿ ಕಿಗಾಮಿ ಇದ್ದರು. ಮಿತ್ರರೇ, ಹರುಹಿಯ ಕೊನೆಯ ಹಾಡಿಗೆ, ಆ ಕುಣಿತಕ್ಕೆ, ಅಕ್ಷರ ಅಕ್ಷರಕ್ಕೂ ಗುರುತು ಹಾಕಿದವನು ನಾನು. ಆ ಹಾಡಿನ ಮೇಲೆಯೇ ಹೆಸರುಗಳು ಏರಿ ಹೋಗುತ್ತಿದ್ದವು. ಜಪಾನಿ ಲಿಪಿ ಬಾರದ ನನಗೆ ಅವು ಬರೀ ಗೀಟು, ಅಕ್ಷರ ಕೂರಿಸಲು ಅಡ್ಡ ಬರುವ ಗೀಟು. ಆ ರಾತ್ರಿ ಮನೆಗೆ ಬಂದು, ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಚಿತ್ರ ನಿಲ್ಲಿಸಿ ಹುಡುಕಿದೆ. ಎಷ್ಟು ಸಿಕ್ಕವು ಎಂದು ಬರೆಯಲು ಮನಸ್ಸಿಲ್ಲ.

ಅದೇ ವರ್ಷ 'ವೆದರಿಂಗ್ ವಿತ್ ಯೂ' ಭಾರತದ ಥಿಯೇಟರಿಗೆ ಬಂತು. ಅಭಿಮಾನಿಗಳು ಸಾವಿರಾರು ಸಹಿ ಹಾಕಿ ಕಾಡಿದ ಮೇಲೆ! ಈಗ ಕಾಡುವುದೇ ಬೇಡ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಬಂದಾಗ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಹತ್ತೊಂಬತ್ತರ ಹುಡುಗ. ಟಿಕೆಟ್ ಕೊಳ್ಳುವಾಗ ಅವನು ಬೆರಳು ಮಡಚಿದ: 'ಹಿಂದೀಲಿದೆ, ತಮಿಳಲ್ಲಿದೆ, ತೆಲುಗಲ್ಲಿದೆ... ಮಾಮ, ನಮ್ದು?' ಡಬ್ಬಿಂಗ್ ಬೇಕೋ ಬೇಡವೋ ಎಂದು ನಮ್ಮಲ್ಲಿ ನಡೆದ ಜಗಳ, 2015ರಲ್ಲಿ ಸ್ಪರ್ಧಾ ಆಯೋಗ ಕೊಟ್ಟ ಆದೇಶ, ಎಲ್ಲ ಅವನಿಗೆ ವಿವರಿಸಲು ಹೊರಟೆ. ಅವನು ಪಾಪ್‌ಕಾರ್ನ್ ತರಲು ಹೋದ!

ಮನೆಗೆ ಬಂದು ಈಜಿಸಬ್ ತೆಗೆದೆ, ಹತ್ತು ವರ್ಷದ ಮೇಲೆ. ಹಂಚಲಿಕ್ಕಲ್ಲ, ಕಾಸು ಕೊಟ್ಟು ಕೊಂಡ ಹರುಹಿಯ ಡಿಸ್ಕ್ ಇದೆ, ಮನೆಯಲ್ಲೇ ನೋಡಲಿಕ್ಕೆ. ಹಿಂದೊಮ್ಮೆ ಕನ್ನಡ ಹಾಕಿ ನೋಡಿದಾಗ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು, 'ಅಮ್ಮ' ಎಂಬುದು 'ಅಮ್‌ಮ' ಆಗಿತ್ತು. ಈಗ ಅದನ್ನೂ ಯಾರೋ ಸರಿ ಮಾಡಿದ್ದಾರೆ. ಒತ್ತು ಒತ್ತಿನ ಜಾಗದಲ್ಲೇ ಕೂರುತ್ತದೆ.

ರಾತ್ರಿ ಊಟವಾದ ಮೇಲೆ ನಾನೂ ಹುಡುಗನೂ ಕೂರುತ್ತೇವೆ. ಮೊನ್ನೆ ಒಂದು ಸಾಲಿನಲ್ಲಿ ಸಿಕ್ಕಿಕೊಂಡೆವು. ಈ ಕಥೆಯ ನಾಯಕನಿಗೂ ಹೆಸರಿಲ್ಲ ನೋಡಿ, ಸರಣಿಯ ಉದ್ದಕ್ಕೂ ಎಲ್ಲರೂ ಅವನನ್ನು 'ಕ್ಯೋನ್' ಎಂಬ ಅಡ್ಡಹೆಸರಿನಿಂದಲೇ ಕರೆಯುತ್ತಾರೆ. ಅವನ ಪುಟ್ಟ ತಂಗಿ ಕೂಡ! ಅಣ್ಣ ಎನ್ನುವುದಿಲ್ಲ, ಅದೇ ಅವನ ದುಃಖ. 'ಅಣ್ಣ ಅಂತಲೇ ಹಾಕೋಣ, ಇಲ್ಲಾಂದ್ರೆ ನಮ್ಮವರಿಗೆ ವಿಚಿತ್ರ ಅನ್ನಿಸುತ್ತೆ' ಎಂದ ಹುಡುಗ. 'ಹಾಗೆ ಹಾಕಿದರೆ ಅವನ ದುಃಖ ಎಲ್ಲಿ ಉಳೀತೋ?' ಎಂದೆ. ಹನ್ನೆರಡೂವರೆ ಆಗಿತ್ತು. ಒಳಗಿನಿಂದ ಹೆಂಡತಿ ಲೈಟ್ ಆರಿಸಿ ಅಂತ ಕೂಗಿದಳು.