ತಂಡವನ್ನು ಕಟ್ಟುವವನು

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಗಳನ್ನು ದಾಟಿ, ಚೋರ್ಲಾ ಘಟ್ಟವನ್ನಿಳಿದು ಪಣಜಿಗೆ ಹೋಗುವ ಕನ್ನಡಿಗರಿಗೆ, ಕೇರಿಯನ್ನು ಹಿಂದಿಕ್ಕಿದ ಬಳಿಕ ಎದುರಾಗುವ ಪೇಟೆಯೂರು ಸಾಂಖಳಿ. ವಾಳವಂಟಿ ನದಿಯ ದಂಡೆಯಲ್ಲಿರುವ ಈ ಊರನ್ನು ಅಲ್ಲಿಯ ದತ್ತಮಂದಿರದಿಂದಲೋ, ಸಮೀಪದ ಹರವಳೆಯ ಜಲಪಾತ ಮತ್ತು ಗುಹೆಗಳಿಂದಲೋ ಬಲ್ಲವರು ಬಹಳ ಮಂದಿ ಉಂಟು. ಆದರೆ ಕಬ್ಬಿಣದ ಅದಿರನ್ನು ತೆಗೆದು ತೆಗೆದು ಬರಿದಾದ ಗಣಿಯ ನೆಲವನ್ನು ಮರಳಿ ಹಸನುಗೊಳಿಸಿದ ಮೇಲೆ, ಸೆಸಾ ಗೋವಾ ಕಂಪನಿಯು 1999ರಲ್ಲಿ ಎಳೆಯ ಹುಡುಗರಿಗಾಗಿ ಇಲ್ಲಿ ಫುಟ್‌ಬಾಲ್ ಅಕಾಡೆಮಿಯೊಂದನ್ನು ನೆಲೆಗೊಳಿಸಿತೆಂಬುದನ್ನು ಬಲ್ಲವರು ವಿರಳ. ಸೆಸಾ ಅಕಾಡೆಮಿಯಲ್ಲಿ ಪಳಗಿದವರಲ್ಲಿ ಆದಿಲ್ ಖಾನ್ ಒಬ್ಬನು. 2019ರ ಅಕ್ಟೋಬರಿನಲ್ಲಿ ಕೊಲ್ಕತ್ತದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಬಾಂಗ್ಲಾದೇಶದೆದುರು ಸೋಲು ಖಚಿತವೆಂದು ಪ್ರೇಕ್ಷಕರು ಎದೆಗುಂದಿದ್ದ ಕಡೆಯ ನಿಮಿಷಗಳಲ್ಲಿ, ತಲೆಯಿಂದ ಚೆಂಡನ್ನು ಗೋಲಿಗೆ ತಳ್ಳಿ ಭಾರತದ ಮಾನವನ್ನು ಉಳಿಸಿದವನು ಅವನೇ.

ಹದಿಮೂರು ಹದಿನಾಲ್ಕರ ಹರೆಯದ ಹುಡುಗನನ್ನು ನೋಡಿ, ಇವನು ಹತ್ತು ವರ್ಷಗಳ ತರುವಾಯ ಏನಾಗಬಹುದೆಂದು ಅಳೆದು, ಅವನಿಗಾಗಿ ಹಣವನ್ನೂ ಕಾಲವನ್ನೂ ವ್ಯಯಿಸುವ ನಿರ್ಧಾರವನ್ನು ಯಾರೋ ಒಬ್ಬರು ಕೈಗೊಳ್ಳಬೇಕಾಗುತ್ತದೆ. ಆ ಯಾರೋ ಒಬ್ಬರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಗೋಲು ಹೊಡೆದವನನ್ನು ನಾವು ಹೊತ್ತು ಮೆರೆಸುತ್ತೇವೆ, ಸೋತಾಗ ತರಬೇತುದಾರನನ್ನು ಬಯ್ಯುತ್ತೇವೆ. ಆ ಇಬ್ಬರನ್ನೂ ಆರಿಸಿ ತಂದವನ ಗೊಡವೆಗೆ ಹೋಗುವುದಿಲ್ಲ. ಅಮೆರಿಕದಲ್ಲಾದರೋ ಈ ಆರಿಸಿ ತರುವ ಕಾರ್ಯಕ್ಕೆ ಜನರಲ್ ಮ್ಯಾನೇಜರ್ ಎಂಬ ಪದವಿಯೂ ಅಧಿಕಾರವೂ ನಿಚ್ಚಳವಾದ ಹೊಣೆಗಾರಿಕೆಯೂ ಉಂಟು. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೂ ಭುಜಕ್ಕೂ ಕವಚ ತೊಟ್ಟು ಆಡುವ ಬೇರೆಯೇ ಆಟ. ಆದರೆ ಅವರ ಜನರಲ್ ಮ್ಯಾನೇಜರನ ಕಷ್ಟಗಳು ಯಾವ ಆಟದ ತಂಡವನ್ನು ಕಟ್ಟುವವನಿಗೂ ಅಪರಿಚಿತವಲ್ಲ.

ಆ ಕಷ್ಟಗಳಿಗೆ ಮೂಲವಾದದ್ದು ಅಲ್ಲಿಯ ಲೀಗಿನ ಕಟ್ಟಳೆ. ಕಾಲೇಜುಗಳಿಂದ ಹೊರಬೀಳುವ ಆಟಗಾರರನ್ನು ಡ್ರಾಫ್ಟ್ ಎಂಬ ಪದ್ಧತಿಯಲ್ಲಿ ತಂಡಗಳು ಸರದಿಯಂತೆ ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದ ತಂಡಕ್ಕೆ ಮೊದಲ ಸರದಿ. 1936ರಲ್ಲಿ ಆರಂಭವಾದ ಈ ಪದ್ಧತಿಗೆ 1994ರಲ್ಲಿ ಇನ್ನೊಂದು ಕಡಿವಾಣ ಸೇರಿತು: ಆಟಗಾರರ ಸಂಬಳಕ್ಕಾಗಿ ಯಾವ ತಂಡವೂ ನಿಗದಿಯಾದ ಮೊತ್ತವನ್ನು ಮೀರಕೂಡದು. ಆಗ 3 ಕೋಟಿ 46 ಲಕ್ಷ ಡಾಲರುಗಳಿದ್ದ ಆ ಮಿತಿ 2024ರಲ್ಲಿ 25 ಕೋಟಿ 54 ಲಕ್ಷಕ್ಕೆ ಏರಿತ್ತು. ಮಿತಿಯೆಂಬುದು ಮಾತ್ರ ಇಂದಿಗೂ ಇದೆ. ಒಡೆಯನು ಕುಬೇರನೇ ಆಗಿದ್ದರೂ ಬೇಕಾದವರನ್ನೆಲ್ಲ ಕೊಂಡು ತರುವ ದಾರಿ ಅಲ್ಲಿಲ್ಲ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನನ್ನು ಬಿಟ್ಟುಕೊಡಬೇಕು. ಯಾರನ್ನು ಬಿಟ್ಟರೆ ತಂಡ ಕುಸಿಯದೆಂಬುದನ್ನು ತಿಳಿಯುವುದೇ ಆ ವೃತ್ತಿಯ ಅರ್ಧ ವಿದ್ಯೆ.

ಈ ವಿದ್ಯೆಯಲ್ಲಿ ನಿಷ್ಣಾತನಾದವನೊಬ್ಬನನ್ನು ಹೆಸರಿಸೆಂದರೆ ನಾನು ಹೆಸರಿಸುವುದು ಓಝೀ ನ್ಯೂಸಮ್‌ನನ್ನು. ತಾನೇ ಖ್ಯಾತ ಆಟಗಾರನಾಗಿದ್ದ ಈತನ ತಂಡವು ಕ್ಲೀವ್‌ಲೆಂಡ್ ನಗರವನ್ನು ತೊರೆದು 1996ರಲ್ಲಿ ಬಾಲ್ಟಿಮೋರಿಗೆ ಬಂದು ರೇವನ್ಸ್ ಎಂಬ ಹೊಸ ಹೆಸರಿನಲ್ಲಿ ನೆಲೆನಿಂತಾಗ, ಆಟಗಾರರನ್ನು ಆರಿಸುವ ಭಾರ ಅವನ ಹೆಗಲಿಗೆ ಬಿತ್ತು. ಆ ವರ್ಷದ ಡ್ರಾಫ್ಟಿನಲ್ಲಿ ನಾಲ್ಕನೆಯ ಸರದಿ ಅವರದು. ತಂಡಕ್ಕೆ ತುರ್ತಾಗಿ ಬೇಕಾಗಿದ್ದವನು ಚೆಂಡನ್ನು ಹಿಡಿದು ನುಗ್ಗಿ ಓಡಬಲ್ಲವನು; ಲಾರೆನ್ಸ್ ಫಿಲಿಪ್ಸ್ ಎಂಬ ಪ್ರಸಿದ್ಧ ಓಟಗಾರನು ಕೈಗೆಟಕುವಂತೆಯೂ ಇದ್ದನು. ಆದರೆ ತಿಂಗಳುಗಟ್ಟಲೆ ಪರಿಶೀಲಿಸಿ ಸಿದ್ಧಪಡಿಸಿದ್ದ ತಮ್ಮ ಪಟ್ಟಿಯಲ್ಲಿ ಅವನಿಗಿಂತ ಮೇಲಿದ್ದವನು ಜೊನಾಥನ್ ಆಗ್ಡೆನ್, ಎದುರಾಳಿಗಳನ್ನು ತಡೆದು ನಿಲ್ಲಿಸುವ ಮಹಾಕಾಯದವನು. ಆ ಸ್ಥಾನದಲ್ಲಿ ಕೊರತೆಯೇನೂ ಇರಲಿಲ್ಲವಾದರೂ ನ್ಯೂಸಮ್ ಪಟ್ಟಿಯನ್ನು ನಂಬಿ ಆಗ್ಡೆನ್‌ನನ್ನೇ ಆರಿಸಿದನು. ಅದೇ ಸುತ್ತಿನ ಇಪ್ಪತ್ತಾರನೆಯ ಸರದಿಯಲ್ಲಿ ರೇ ಲೂಯಿಸ್‌ನನ್ನು ತಂದನು. ಒಂದೇ ದಿನ ಆರಿಸಿದ ಈ ಇಬ್ಬರೂ ಮುಂದೆ ಆ ಆಟದ ಕೀರ್ತಿಶಾಲಿಗಳ ಸಾಲಿನಲ್ಲಿ ಸೇರಿದರು. ಫಿಲಿಪ್ಸನ ಆಟದ ಬದುಕು ಕೆಲವೇ ವರ್ಷಗಳಲ್ಲಿ ಮಣ್ಣುಪಾಲಾಯಿತು. 2000 ಮತ್ತು 2012ರ ಋತುಗಳಲ್ಲಿ ರೇವನ್ಸ್ ಸರ್ವೋಚ್ಚ ಪ್ರಶಸ್ತಿಯನ್ನು ಗೆದ್ದಿತು. 2002ರಲ್ಲಿ ಜನರಲ್ ಮ್ಯಾನೇಜರ್ ಪದವಿಯನ್ನು ಪಡೆದಾಗ, ಆ ಲೀಗಿನಲ್ಲಿ ಅದನ್ನೇರಿದ ಮೊದಲ ಕರಿಯ ಜನಾಂಗದವನು ನ್ಯೂಸಮ್ ಆಗಿದ್ದನು.

ಇಂದಿನ ಕೊರತೆಯನ್ನು ತುಂಬಬೇಕೆಂಬ ಆತುರಕ್ಕೆ ವಶನಾಗದಿರುವ ಈ ಸಂಯಮವೇ ಉತ್ತಮ ವ್ಯವಸ್ಥಾಪಕನ ಮೊದಲ ಲಕ್ಷಣವೆಂದು ನಾನು ತಿಳಿದಿದ್ದೇನೆ. ಆತುರಪಟ್ಟವರ ಪಾಡನ್ನು ತಿಳಿಯಲು 1989ರ ಅಕ್ಟೋಬರಿನಲ್ಲಿ ಮಿನೆಸೋಟಾದವರು ಮಾಡಿದ ವಿನಿಮಯವೊಂದೇ ಸಾಕು. ಹರ್ಶಲ್ ವಾಕರ್ ಎಂಬೊಬ್ಬನು ಬಂದರೆ ಪ್ರಶಸ್ತಿ ತಮ್ಮದೇ ಎಂದು ಭ್ರಮಿಸಿದ ಅವರು, ಅವನಿಗೆ ಪ್ರತಿಯಾಗಿ ಹಲವು ಆಟಗಾರರನ್ನಲ್ಲದೆ ಮುಂಬರುವ ವರ್ಷಗಳ ಆಯ್ಕೆಯ ಹಕ್ಕುಗಳನ್ನೂ ಡಲ್ಲಾಸ್ ತಂಡಕ್ಕೆ ಧಾರೆಯೆರೆದರು. ಆ ವರ್ಷ ಹದಿನಾರರಲ್ಲಿ ಒಂದೇ ಒಂದು ಪಂದ್ಯ ಗೆದ್ದ ಡಲ್ಲಾಸ್, ಹಾಗೆ ಸಿಕ್ಕಿದ ಹಕ್ಕುಗಳಿಂದ ಹೊಸಬರನ್ನು ಕೂಡಿಸಿಕೊಂಡು, 1992ರಿಂದ ನಾಲ್ಕು ಋತುಗಳಲ್ಲಿ ಮೂರು ಸಲ ಸರ್ವೋಚ್ಚ ಪ್ರಶಸ್ತಿಯನ್ನು ಗೆದ್ದಿತು. ಎಳೆಯ ಆಟಗಾರರ ಮೇಲಿನ ಹಕ್ಕುಗಳಿಗೆ ತಂಡಗಳು ತೆರುವ ಬೆಲೆಯನ್ನು ಕೇಡ್ ಮ್ಯಾಸಿ ಹಾಗೂ 2017ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಲೆಕ್ಕಹಾಕಿ, ಮೊದಮೊದಲ ಸರದಿಗಳಿಗೆ ತಂಡಗಳು ಅವುಗಳ ಯೋಗ್ಯತೆಗಿಂತ ಹೆಚ್ಚು ತೆರುತ್ತವೆಂದು ತೋರಿಸಿದ್ದಾರೆ. ತಾನು ಆರಿಸಿದವನು ಅದ್ವಿತೀಯನೆಂಬ ಅತಿವಿಶ್ವಾಸವೇ ಅದಕ್ಕೆ ಕಾರಣವೆಂಬುದು ಅವರ ಅಭಿಮತ. ನಮ್ಮ ಕ್ರಿಕೆಟ್ ಹರಾಜುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ದೈವದ ಪಾಲನ್ನು ಮರೆಯಬಾರದು. ಮುಂದೆ ಆ ಆಟದ ದಿಗ್ಗಜನಾದ ಟಾಮ್ ಬ್ರೇಡಿ 2000ದ ಡ್ರಾಫ್ಟಿನಲ್ಲಿ ಆಯ್ಕೆಯಾದದ್ದು 199ನೆಯವನಾಗಿ. ಅವನನ್ನು ತಂದ ನ್ಯೂ ಇಂಗ್ಲೆಂಡಿನವರಿಗೂ ಅವನು ಮಹಾಪುರುಷನಾಗುವನೆಂದು ಗೊತ್ತಿದ್ದರೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲ.

ಗೋವೆಯ ಕಾಲ್ಚೆಂಡಾಟದಲ್ಲಿ ಬಹುಕಾಲ ಡ್ರಾಫ್ಟ್ ಇರಲಿಲ್ಲ, ಜನರಲ್ ಮ್ಯಾನೇಜರನೂ ಇರಲಿಲ್ಲ. ಒಡೆಯನ ಕೈಚೀಲ ಮತ್ತು ತರಬೇತುದಾರನ ಕಣ್ಣು, ಈ ಎರಡರಿಂದಲೇ ಕಾರ್ಯ ಸಾಗುತ್ತಿತ್ತು. ಆರ್ಮಾಂಡೊ ಕೊಲಾಸೊ ಅವರ ಕೈಯಲ್ಲಿ ಡೆಂಪೊ ಕ್ಲಬ್ಬು 2005ರಿಂದ 2012ರೊಳಗೆ ಐದು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದದ್ದು ಈ ಬಗೆಯ ವ್ಯವಸ್ಥೆಯ ಶಿಖರ. ಅದರ ದೌರ್ಬಲ್ಯವೂ ಬೇಗನೆ ಕಂಡುಬಂದಿತು. ಒಡೆಯರ ಮನಸ್ಸು ಹಿಂಜರಿದಂದು ಇಡೀ ತಂಡವೇ ಹಿಂಜರಿಯಿತು. 2016ರಲ್ಲಿ ಡೆಂಪೊ, ಸಾಲಗಾಂವಕರ್, ಸ್ಪೋರ್ಟಿಂಗ್ ಕ್ಲಬ್ಬುಗಳು ಐ-ಲೀಗಿನಿಂದ ಹೊರನಡೆದವು.

2014ರಲ್ಲಿ ಹುಟ್ಟಿದ ಎಫ್‌ಸಿ ಗೋವಾದಲ್ಲಿ ತರಬೇತುದಾರನಿಗಿಂತ ಮೇಲೆ ನಿಂತು ತಂಡವನ್ನು ಕಟ್ಟುವ ಅಧಿಕಾರಿಯ ಸ್ಥಾನವೊಂದು ಕ್ರಮೇಣ ರೂಪುಗೊಂಡಿತು. ಅದರ ಅಗ್ನಿಪರೀಕ್ಷೆ ನಡೆದದ್ದು 2020ರಲ್ಲಿ. ಲೀಗ್ ಪಟ್ಟಿಯ ಅಗ್ರಸ್ಥಾನದಲ್ಲಿದ್ದಾಗಲೇ, ಜನವರಿಯ ಕೊನೆಯಲ್ಲಿ, ಕ್ಲಬ್ಬು ತನ್ನ ಸ್ಪೇನಿನ ತರಬೇತುದಾರ ಸೆರ್ಜಿಯೊ ಲೊಬೇರಾರನ್ನು ಬೀಳ್ಕೊಟ್ಟಿತು. ಅಭಿಮಾನಿಗಳು ದಿಗ್ಭ್ರಾಂತರಾದರು. ಆದರೂ ಹಂಗಾಮಿಯಾಗಿ ಬಂದ ಕ್ಲಿಫರ್ಡ್ ಮಿರಾಂಡಾ ಅವರ ಕೈಯಲ್ಲಿ ತಂಡವು ಫೆಬ್ರವರಿಯಲ್ಲಿ ಜಮ್ಶೆಡ್‌ಪುರವನ್ನು 5-0 ಅಂತರದಿಂದ ಸೋಲಿಸಿ, ಲೀಗಿನ ಅಗ್ರಸ್ಥಾನದ ಷೀಲ್ಡನ್ನು ಗೆದ್ದಿತು. ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೇರಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ತರಬೇತುದಾರನನ್ನು ತೆಗೆದರೂ ಕುಸಿಯದಷ್ಟು ಗಟ್ಟಿಯಾಗಿ ತಂಡ ಕಟ್ಟಲ್ಪಟ್ಟಿತ್ತು. ಆದರೆ ಅದೇ ವರ್ಷ ಜಾಹು, ಬೂಮೂಸ್, ಫಾಲ್, ಮಂದಾರ ರಾವ್ ದೇಸಾಯಿ ಎಂಬ ನಾಲ್ವರು ಆಟಗಾರರು ಮುಂಬಯಿ ಸಿಟಿ ತಂಡವನ್ನು ಸೇರಿದರು. ಲೊಬೇರಾ ಕೂಡ ಅಲ್ಲಿಗೇ ಹೋದರು. ಮರುವರ್ಷ ಷೀಲ್ಡೂ ಪ್ರಶಸ್ತಿಯೂ ಮುಂಬಯಿಯ ಪಾಲಾದವು. ಕಟ್ಟಿದ್ದನ್ನು ಉಳಿಸಿಕೊಳ್ಳುವ ಕಲೆ ಕಟ್ಟುವ ಕಲೆಗಿಂತ ಬೇರೆಯೆಂಬುದು ಗೋವೆಗೆ ಹೀಗೆ ಅರಿವಾಯಿತು.

ಸಾಂಖಳಿಯ ಅಕಾಡೆಮಿಯಂಥ ಸಂಸ್ಥೆಗೆ ಆತಂಕಗಳು ಬೇರೆ ಬಗೆಯವು. ಗಣಿಯ ಹಣದಿಂದ ನಡೆಯುವ ಸಂಸ್ಥೆಗೆ ಗಣಿಯ ಏಳುಬೀಳುಗಳು ತಟ್ಟದಿರುವವೇ? 2012ರಲ್ಲಿ ಗೋವೆಯ ಗಣಿಗಾರಿಕೆ ನಿಂತಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು 88 ಗುತ್ತಿಗೆಗಳನ್ನು ರದ್ದುಗೊಳಿಸಿತು. ಎಳೆಯರನ್ನು ಬೆಳೆಸುವುದು ಅಡಿಕೆಯ ಸಸಿ ನೆಟ್ಟಂತೆ. ಫಲ ಕಾಣುವವರೆಗೆ ವರ್ಷಗಳು ಬೇಕು, ನಡುವೆ ನೀರು ನಿಲ್ಲಕೂಡದು.

ಗೋವೆಯಲ್ಲಿ ಚೆಂಡಿನ ಮೇಲಣ ಮೋಹಕ್ಕೂ ಪ್ರತಿಭೆಗೂ ಬರವಿಲ್ಲ, ಹಣ ಹಾಕುವವರಿಗೂ ಬರವಿಲ್ಲ. ನಡುವೆ ನಿಂತು ವರ್ಷಗಳ ಲೆಕ್ಕ ಹಾಕುವವನಿಗೆ ಅಧಿಕಾರವನ್ನೂ ಅವಕಾಶವನ್ನೂ ಕೊಡುವ ಔದಾರ್ಯ ಮಾತ್ರ ಸಾಲದು. ಬಾಲ್ಟಿಮೋರಿನವರು ನ್ಯೂಸಮ್‌ನನ್ನು 1996ರ ಸೋಲುಗಳಿಗಾಗಿ ಓಡಿಸಲಿಲ್ಲ. 2018ರ ಋತುವಿನವರೆಗೆ ಅದೇ ಹೊಣೆಯಲ್ಲಿ ಇರಗೊಟ್ಟರು. ಗೋವೆಯ, ಹಾಗೆಯೇ ಕರ್ನಾಟಕದ, ಕ್ಲಬ್ಬುಗಳ ಒಡೆಯರು ಒಬ್ಬ ಸಮರ್ಥನನ್ನು ಹುಡುಕಿ, ಅವನ ಮೊದಲೆರಡು ಋತುಗಳ ಸೋಲುಗಳನ್ನು ಸಹಿಸುವುದಾಗಿ ಆರಂಭದಲ್ಲಿಯೇ ಬರೆದುಕೊಡಲಿ.