ಒಂದು ಮೀಟರಿಗೆ ಒಂದು ಸೆಂಟಿಮೀಟರ್: ಯುದ್ಧನೌಕೆಯ ಮಾದರಿ ಕಟ್ಟುವುದು, ಅದಕ್ಕೆ ಹಳಮೆ ತರುವುದು

ಅಭ್ಯಾಸ ಬೋಧನೆಯ ವೀಕ್ಷಣಾ ನಮೂನೆಯಲ್ಲಿ 'ಬೋಧನೋಪಕರಣಗಳ ಬಳಕೆ' ಎಂಬ ಕಲಂ ಇದೆ. ಚನ್ನಪಟ್ಟಣ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಪಾಠ ವೀಕ್ಷಿಸಿದ ದಿನ ಆ ಕಲಂನಲ್ಲಿ ನಾನು ಪೂರ್ಣ ಅಂಕ ಬರೆದೆ. ಪ್ರಶಿಕ್ಷಣಾರ್ಥಿಯು ಎರಡು ರಾತ್ರಿ ನಿದ್ದೆಗೆಟ್ಟು ಥರ್ಮೋಕೋಲಿನಲ್ಲಿ ಯುದ್ಧನೌಕೆ ಮಾಡಿ ತಂದಿದ್ದರು. ಬೆಳ್ಳಿಬಣ್ಣ ಥಳಥಳಿಸುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಎರಡು ಪ್ರಶ್ನೆ ಬಂದವು. ಒಬ್ಬ ಹುಡುಗ ಕೇಳಿದ: "ಸರ್, ಇದರ ಮೇಲೆ ಮನುಷ್ಯ ನಿಂತ್ರೆ ಎಷ್ಟುದ್ದ ಇರ್ತಾನೆ?" ಒಬ್ಬ ಹುಡುಗಿ ಕೇಳಿದಳು: "ಈ ಹಡಗು ಒಂದು ದಿನಾನೂ ನೀರಿಗೆ ಇಳಿದಿಲ್ವಾ ಸರ್? ಎಲ್ಲೂ ತುಕ್ಕೇ ಇಲ್ವಲ್ಲ!" ಎರಡಕ್ಕೂ ಪ್ರಶಿಕ್ಷಣಾರ್ಥಿಯ ಬಳಿ ಉತ್ತರವಿರಲಿಲ್ಲ. ಆ ನೌಕೆಗೆ ಅಳತೆಯೇ ಇರಲಿಲ್ಲ, ಹೆಸರೂ ಇರಲಿಲ್ಲ. ನೋಡಲು ಚೆನ್ನಾಗಿತ್ತು, ಅಷ್ಟೇ. ಅಂಕ ಬರೆದಿದ್ದ ನನಗೂ ಅದು ಹೊಳೆದದ್ದು ಮಕ್ಕಳು ಕೇಳಿದ ಮೇಲೆ.

ಮುಂದಿನ ಅಭ್ಯಾಸ ಬೋಧನೆಯ ಅವಧಿಯಲ್ಲಿ ಅದೇ ಶಾಲೆಯಲ್ಲಿ ನೌಕೆಯನ್ನು ಮಕ್ಕಳ ಕೈಯಲ್ಲೇ ಮತ್ತೆ ಕಟ್ಟಿಸಿದೆವು. ಆ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಮೊದಲನೆಯ ಪ್ರಶ್ನೆ ಗಣಿತದ್ದು, ಎರಡನೆಯದು ವಿಜ್ಞಾನದ್ದು. ಮಾದರಿಯೊಂದು ಈ ಎರಡಕ್ಕೂ ಉತ್ತರ ಕೊಡುವಂತಿದ್ದರೆ ಮಾತ್ರ ಅದನ್ನು ಬೋಧನೋಪಕರಣ ಎನ್ನಬಹುದು.

ನೌಕೆಯ ಆಯ್ಕೆ

ನಮ್ಮ ತಾಲ್ಲೂಕುಗಳಲ್ಲಿ ಸಮುದ್ರವಿಲ್ಲ. ಕನಕಪುರದ ಸಂಗಮದಲ್ಲಿ ಹರಿಗೋಲು ಹತ್ತಿದ ಮಕ್ಕಳು ಸಿಗಬಹುದು, ಹಡಗು ಕಂಡವರು ಅಪರೂಪ. ಆದ್ದರಿಂದ ಹೆಸರಿನಿಂದಲಾದರೂ ಹತ್ತಿರವಾದ ನೌಕೆ ಬೇಕಿತ್ತು. ಐಎನ್‌ಎಸ್ ಮೈಸೂರನ್ನು ಆರಿಸಿಕೊಂಡೆವು. ಬ್ರಿಟನ್ನಿನಲ್ಲಿ ಕಟ್ಟಿ 1939ರಲ್ಲಿ ನೀರಿಗಿಳಿಸಿದ ಎಚ್‌ಎಂಎಸ್ ನೈಜೀರಿಯಾ ಎಂಬ ಕ್ರೂಸರ್ ಅದು. ಭಾರತ ಅದನ್ನು ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್‌ನಲ್ಲಿ ಐಎನ್‌ಎಸ್ ಮೈಸೂರು ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. ಲಾಂಛನ ಗಂಡಭೇರುಂಡ. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾಪಡೆಯ ಧ್ವಜನೌಕೆ. 1985ರಲ್ಲಿ ನಿವೃತ್ತಿಯಾಯಿತು. 1999ರಲ್ಲಿ ಸೇವೆಗೆ ಬಂದ ಅದೇ ಹೆಸರಿನ ನೌಕೆ ಬೇರೆ, ಅದು ಡೆಸ್ಟ್ರಾಯರ್. ಮಕ್ಕಳಿಗೆ ಈ ವ್ಯತ್ಯಾಸ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಚಿತ್ರ ಹುಡುಕುವಾಗ ಎರಡೂ ಬೆರೆತುಹೋಗುತ್ತವೆ.

ಪ್ರಮಾಣ: 1:100

ಅಂಗಡಿಯಲ್ಲಿ ಸಿಗುವ ನೌಕಾಮಾದರಿಗಳು ಸಾಮಾನ್ಯವಾಗಿ 1:350 ಅಥವಾ 1:700ರವು. ನಾವು 1:100 ಇಟ್ಟುಕೊಂಡೆವು. ಕಾರಣ ಸರಳ: ನೌಕೆಯ ಒಂದು ಮೀಟರ್, ಮಾದರಿಯಲ್ಲಿ ಒಂದು ಸೆಂಟಿಮೀಟರ್. ಭಾಗಾಕಾರದಲ್ಲಿ ಹಿಂದುಳಿದ ಮಗುವೂ ಘಟಕ ಬದಲಿಸಿ ಉತ್ತರ ಹೇಳುತ್ತದೆ.

ನೌಕೆಯ ಉದ್ದ 169.3 ಮೀಟರ್, ಮಾದರಿ 169.3 ಸೆಂಟಿಮೀಟರ್. ಅಗಲ 18.9 ಮೀಟರ್, ಮಾದರಿಯಲ್ಲಿ 18.9 ಸೆಂಟಿಮೀಟರ್. 1.6 ಮೀಟರ್ ಎತ್ತರದ ನಾವಿಕ 1.6 ಸೆಂಟಿಮೀಟರ್ ಆಗುತ್ತಾನೆ. ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವನೇ ಬೆಂಕಿಕಡ್ಡಿ ಮುರಿದು ನಾವಿಕರನ್ನು ಮಾಡಿದ.

ಕಟ್ಟುವ ಮೊದಲು ಒಂದು ಕೆಲಸ ಮಾಡಿ. ನೌಕೆಯ ನಿಜವಾದ ಉದ್ದವನ್ನು ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿದು ಅಳೆಯಿಸಿ. ನಮ್ಮ ಮೈದಾನ ಸಾಲದೆ ಹಗ್ಗ ಗೇಟು ದಾಟಿ ರಸ್ತೆಬದಿಗೆ ಹೋಯಿತು. ಆಮೇಲೆ 169 ಸೆಂಟಿಮೀಟರ್ ಪಟ್ಟಿಯನ್ನು ನೆಲದ ಮೇಲೆ ಇಟ್ಟಾಗ ನೂರನೆಯ ಒಂದು ಭಾಗ ಎಂದರೆ ಏನೆಂದು ಬಾಯಲ್ಲಿ ಹೇಳಬೇಕಾಗಲಿಲ್ಲ.

ಎಂಟನೆಯ ತರಗತಿಯಾದರೆ ಇನ್ನೊಂದು ಹೆಜ್ಜೆ ಇಡಬಹುದು. ಉದ್ದ ನೂರನೆಯ ಒಂದು ಭಾಗವಾದರೆ ಘನಫಲ ಹತ್ತು ಲಕ್ಷದ ಒಂದು ಭಾಗ. ಪೂರ್ಣ ಹೊರೆಯಲ್ಲಿ ನೌಕೆ ಸುಮಾರು 11,000 ಟನ್ ತೂಗುತ್ತಿತ್ತು. ಹಾಗಾದರೆ ಮಾದರಿ ನೀರಿನಲ್ಲಿ ಅದೇ ಗೆರೆಯವರೆಗೆ ಮುಳುಗಿ ತೇಲಬೇಕಾದರೆ ಎಷ್ಟು ತೂಗಬೇಕು? ಸುಮಾರು 11 ಕಿಲೋ. ನೂರು ಕಿಲೋಗಿಂತ ಹೆಚ್ಚೇ ಇರುತ್ತದೆ ಎಂದು ಊಹಿಸಿದ ಮಕ್ಕಳೇ ಬಹಳ.

ಒಡಲು ಕಟ್ಟುವುದು

ನೌಕೆಯ ಒಡಲಿಗೆ ಮೊದಲು ಅಸ್ಥಿಪಂಜರ ಬೇಕು. ಉದ್ದಕ್ಕೆ ಒಂದು ಗಟ್ಟಿ ಪಟ್ಟಿ, ಅದರ ಮೇಲೆ ಹತ್ತು ಸೆಂಟಿಮೀಟರಿಗೊಂದರಂತೆ ಹದಿನಾರು ಅಡ್ಡಫಲಕಗಳು. ಇಬ್ಬರಿಗೊಂದು ಫಲಕ ಕೊಟ್ಟರೆ ಮೂವತ್ತೆರಡು ಮಕ್ಕಳಿಗೆ ಕೆಲಸ. ಕಾಗದವನ್ನು ಮಡಿಸಿ ಅರ್ಧ ಆಕಾರ ಬರೆದು ಕತ್ತರಿಸಿದರೆ ಎರಡೂ ಬದಿ ಸಮ ಬರುತ್ತದೆ. ಸಮಮಿತಿಯ ಪಾಠಕ್ಕೆ ಇಲ್ಲಿಯೇ ಅವಕಾಶವಿದೆ. ಆ ಕಾಗದವನ್ನು ರಟ್ಟಿನ ಮೇಲಿಟ್ಟು ಗುರುತು ಮಾಡಬೇಕು. ರಟ್ಟು ಕೊಯ್ಯುವ ಬ್ಲೇಡು ಮಾತ್ರ ಶಿಕ್ಷಕರ ಕೈಯಲ್ಲೇ ಇರಲಿ.

ಫಲಕಗಳ ಮೇಲೆ ಹೊದಿಸಲು ಬಳುಕುವ ಪಟ್ಟಿ ಬೇಕು. ರಾಮನಗರ, ಕನಕಪುರ, ಮಾಗಡಿಯ ರೇಷ್ಮೆ ಬೆಳೆಗಾರರ ಮನೆಗಳಲ್ಲಿ, ಪ್ಲಾಸ್ಟಿಕ್ ಚಂದ್ರಿಕೆ ಬಂದ ಮೇಲೆ ಅಟ್ಟ ಸೇರಿದ ಬಿದಿರಿನ ಚಂದ್ರಿಕೆಗಳಿವೆ. ಮುರಿದ ಚಂದ್ರಿಕೆಯ ಬಿದಿರ ಪಟ್ಟಿಯನ್ನು ರಾತ್ರಿ ನೀರಿನಲ್ಲಿ ನೆನೆಸಿದರೆ ಬೇಕಾದ ಹಾಗೆ ಬಾಗುತ್ತದೆ. ಪಟ್ಟಿಯನ್ನು ಎಡಕ್ಕೊಂದು ಬಲಕ್ಕೊಂದು ಸರದಿಯಂತೆ ಅಂಟಿಸಿ. ಒಂದೇ ಬದಿಯನ್ನು ಮೊದಲು ಮುಗಿಸಿದರೆ ಎಳೆತಕ್ಕೆ ಒಡಲು ಬಾಳೆಕಾಯಿಯಂತೆ ಸೊಟ್ಟಗಾಗುತ್ತದೆ. ನಮ್ಮ ಮೊದಲ ಒಡಲು ಹೀಗೆಯೇ ಹಾಳಾಯಿತು, ಬಿಚ್ಚಿ ಮತ್ತೆ ಕಟ್ಟಿದೆವು. ಪಟ್ಟಿಗಳ ಮೇಲೆ ಎರಡು ಪದರ ಕಾಗದ ಅಂಟಿಸಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ನಯಮಾಡಬೇಕು.

ದುಂಡಗಿನ ಭಾಗಗಳಿಗೆ ಚನ್ನಪಟ್ಟಣಕ್ಕಿಂತ ಬೇರೆ ಊರು ಬೇಡ. ತೋಪಿನ ಗೋಪುರಗಳ ಕೆಳಗಿನ ದುಂಡು ಪೀಠ, ಹಗ್ಗ ಬಿಗಿಯುವ ಗೂಟ, ಲಂಗರಿನ ಸರಪಳಿ ಎಳೆಯುವ ರಾಟೆ ಇವನ್ನೆಲ್ಲ ಬೊಂಬೆ ಕುಶಲಕರ್ಮಿಯೊಬ್ಬರು ಹಾಲೆ ಮರದಲ್ಲಿ ಕಡೆದುಕೊಟ್ಟರು. ಮಕ್ಕಳು ದೂರ ನಿಂತು ನೋಡಿದರು. ಎರಡು ವಿಷಯ ಅಲ್ಲಿ ಕಲಿತೆವು. ಒಂದು, ಅರಗು ಹಚ್ಚದ ಬರಿಯ ಮರವನ್ನೇ ಕೇಳಿ ಪಡೆಯಬೇಕು. ಅರಗಿನ ನುಣುಪಿನ ಮೇಲೆ ನೀರುಬಣ್ಣ ನಿಲ್ಲುವುದಿಲ್ಲ. ಎರಡು, ತೀರಾ ಸಪೂರದ ಕಡ್ಡಿ ಯಂತ್ರದಲ್ಲಿ ತಿರುಗುವಾಗ ನಡುಗಿ ಮುರಿಯುತ್ತದೆ. ನೌಕೆಯ ಮುಖ್ಯ ತೋಪಿನ ನಳಿಗೆ ಸುಮಾರು 7.6 ಮೀಟರ್ ಉದ್ದ, ಬಾಯಿ 15.2 ಸೆಂಟಿಮೀಟರ್. ಮಾದರಿಯಲ್ಲಿ 7.6 ಸೆಂಟಿಮೀಟರ್ ಉದ್ದ, ಬಾಯಿ ಒಂದೂವರೆ ಮಿಲಿಮೀಟರ್. ನಳಿಗೆಯ ಹಿಂಭಾಗ ಗೋಪುರದೊಳಗೆ ಅಡಗಿರುವುದರಿಂದ ಹೊರಗೆ ಕಾಣುವುದು ಇನ್ನೂ ಕಡಿಮೆ. ಅದಕ್ಕೆ ಊದುಬತ್ತಿಯ ಬಿದಿರು ಕಡ್ಡಿಯೇ ಸಾಕು. ಮುಂದೆ ಎರಡು ಗೋಪುರ, ಹಿಂದೆ ಒಂದು, ಒಂದೊಂದರಲ್ಲಿ ಮೂರು ನಳಿಗೆ, ಒಟ್ಟು ಒಂಬತ್ತು.

ಹಳಮೆ ತರುವುದು

ಬಣ್ಣ ಬಳಿದಾಗ, ಮೇಲೆ ತಿಳಿ ಬೂದು, ನೀರಿನ ಗೆರೆಯಲ್ಲಿ ಕಪ್ಪು ಪಟ್ಟಿ, ಕೆಳಗೆ ಕಂದುಗೆಂಪು, ನಮ್ಮ ನೌಕೆಯೂ ಹೊಸ ಬೊಂಬೆಯಂತೆಯೇ ಕಾಣುತ್ತಿತ್ತು. ಈಗ ಹುಡುಗಿಯ ಪ್ರಶ್ನೆಯ ಸರದಿ. ಬಿಸಿಲು, ಮಳೆ, ಉಪ್ಪುನೀರು ಬಿದ್ದ ಗುರುತುಗಳನ್ನು ಮಾದರಿಯ ಮೇಲೆ ಮೂಡಿಸುವುದನ್ನು ಮಾದರಿಕಾರರು ವೆದರಿಂಗ್ ಎನ್ನುತ್ತಾರೆ. ಭೂಗೋಳದಲ್ಲಿ ಬಂಡೆಯ ವಿಷಯಕ್ಕೆ ಇದೇ ಪದವನ್ನು ಶಿಥಿಲೀಕರಣ ಎಂದು ಕಲಿಸುತ್ತೇವೆ.

ಕುಂಚ ಹಿಡಿಯುವ ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಶಾಲೆಯ ಕಬ್ಬಿಣದ ಗೇಟು, ನೀರಿನ ಟ್ಯಾಂಕಿನ ಏಣಿ, ತಗಡಿನ ಚಾವಣಿ ನೋಡಿ ತುಕ್ಕು ಎಲ್ಲಿದೆ, ಎಲ್ಲಿಲ್ಲ ಎಂದು ಪಟ್ಟಿ ಮಾಡಲಿ. ನಮ್ಮ ಮಕ್ಕಳ ಪಟ್ಟಿ ಹೀಗಿತ್ತು: ಗೇಟಿನ ಕೆಳಗಿನ ಅಂಚು, ಬೆಸುಗೆಯ ಜಾಗ, ಬೋಲ್ಟಿನ ಕೆಳಗೆ ಇಳಿದ ಗೆರೆ, ಅಗುಳಿ ಉಜ್ಜಿ ಬಣ್ಣ ಹೋದ ಜಾಗ. ಅಂದರೆ ನೀರು ನಿಲ್ಲುವಲ್ಲಿ, ಬಣ್ಣ ಕಿತ್ತಲ್ಲಿ, ನೀರು ಇಳಿಯುವ ದಾರಿಯಲ್ಲಿ. ಅನಂತರ ಬೆಟ್ಟ ನೋಡಿಸಿ. ಸಾವನದುರ್ಗದ ಬಂಡೆಯ ಮೇಲಿನ ಕಪ್ಪು ಪಟ್ಟೆಗಳೆಲ್ಲ ಮಳೆನೀರು ಹರಿದ ದಾರಿ. ರಾಮದೇವರಬೆಟ್ಟದ ಕಡಿದಾದ ಬಂಡೆಯ ಬಿಳಿ ಕಲೆ ರಣಹದ್ದು ಕೂರುವ ಜಾಗದ ಗುರುತು. ಕಲೆಗೆ ಕಾರಣವಿದೆ, ದಿಕ್ಕೂ ಇದೆ ಎಂಬುದು ಇಷ್ಟರಿಂದ ಮಕ್ಕಳಿಗೆ ಮನದಟ್ಟಾಗುತ್ತದೆ.

ಬಣ್ಣವನ್ನು ಪ್ರಯೋಗದಿಂದಲೇ ಪಡೆದೆವು. ಒಂದು ಲೋಟದಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಉಪ್ಪುನೀರು, ಮೂರನೆಯದರಲ್ಲಿ ಕುದಿಸಿ ಆರಿಸಿ ಮೇಲೆ ಎಣ್ಣೆಯ ಪದರ ಬಿಟ್ಟ ನೀರು. ಮೂರರಲ್ಲೂ ಕಬ್ಬಿಣದ ಮೊಳೆ. ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಉಪ್ಪು ನೀರಿನ ವಿದ್ಯುತ್ ವಾಹಕತೆಯನ್ನು ಹೆಚ್ಚಿಸಿ ಕ್ರಿಯೆಗೆ ವೇಗ ಕೊಡುತ್ತದೆ. ಉಪ್ಪುನೀರಿನ ತಳದಲ್ಲಿ ಕೂತ ತುಕ್ಕನ್ನು ಸೋಸಿ, ಒಣಗಿಸಿ, ಪುಡಿಮಾಡಿ, ತೆಳು ಅಂಟಿನಲ್ಲಿ ಕಲಸಿದರೆ ಅದೇ ತುಕ್ಕಿನ ಬಣ್ಣ. ಸಾಲದೆ ಬಂದರೆ ಹೊಲದ ಕೆಮ್ಮಣ್ಣು ಸೇರಿಸಬಹುದು. ಅದರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ.

ಹಚ್ಚುವ ಕ್ರಮ ಇಷ್ಟು:

1. ಬಿಸಿಲು ನೇರ ಬೀಳುವ ಮೇಲ್ಮೈಗಳಿಗೆ ಬೂದಿಗೆ ಸ್ವಲ್ಪ ಬಿಳಿ ಬೆರೆಸಿ ತೆಳುವಾಗಿ ಬಳಿಯಿರಿ.
2. ಕಂದುಗಪ್ಪು ಬಣ್ಣವನ್ನು ನೀರಾಗಿ ಕದಡಿ ಮೂಲೆ, ಸಂದುಗಳಲ್ಲಿ ಬಿಡಿ. ಉಬ್ಬಿದ ಭಾಗದಿಂದ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.
3. ಲಂಗರಿನ ಸರಪಳಿ ಹೊರಬರುವ ರಂಧ್ರ, ಅಟ್ಟದ ನೀರು ಹೊರಬೀಳುವ ಕಿಂಡಿ, ಇವುಗಳ ಕೆಳಗೆ ತುಕ್ಕಿನ ಚುಕ್ಕೆ ಇಟ್ಟು ಒದ್ದೆ ಕುಂಚದಿಂದ ಕೆಳಮುಖವಾಗಿ ಎಳೆಯಿರಿ. ಅಡ್ಡ ಎಳೆಯಬೇಡಿ.
4. ನೀರಿನ ಗೆರೆಯ ಬಳಿ ಪಾಚಿಯ ಮಾಸಲು ಹಸಿರು, ಅದರ ಮೇಲೆ ಉಪ್ಪಿನ ತೆಳು ಬಿಳಿ.

ಕಲೆಗೂ ಪ್ರಮಾಣವಿದೆ

ಇಲ್ಲಿಯೇ ನಾವು ಎಡವಿದೆವು. ಹುರುಪಿನಲ್ಲಿ ಮಕ್ಕಳು ಬಟಾಣಿ ಗಾತ್ರದ ತುಕ್ಕಿನ ಕಲೆ ಇಟ್ಟರು. ಪ್ರಶಿಕ್ಷಣಾರ್ಥಿ ತಡೆಯಲಿಲ್ಲ, ಅಳೆಯಲು ಹೇಳಿದರು. ಏಳು ಮಿಲಿಮೀಟರ್. ನೂರರಿಂದ ಗುಣಿಸಿದರೆ 70 ಸೆಂಟಿಮೀಟರ್! ಇಷ್ಟು ಅಗಲದ ತುಕ್ಕಿನ ಕಲೆಗಳು ನೌಕೆಯ ತುಂಬ ಇದ್ದರೆ ಅದರಲ್ಲಿ ಯಾರಾದರೂ ಸಮುದ್ರಕ್ಕೆ ಹೋಗುತ್ತಾರೆಯೇ? ಸೇವೆಯಲ್ಲಿರುವ ನೌಕೆಯನ್ನು ನಾವಿಕರು ಬಿಡದೆ ಕೆರೆದು ಬಣ್ಣ ಬಳಿಯುತ್ತಿರುತ್ತಾರೆ. ಅಲ್ಲಿ ತುಕ್ಕು ಗೆರೆಯಾಗಿ ಕಾಣಬೇಕೇ ಹೊರತು ಗಾಯದಂತಲ್ಲ. ಮಕ್ಕಳೇ ಒದ್ದೆ ಬಟ್ಟೆ ತಂದು ಒರೆಸಿದರು. ಉಳಿಸಿಕೊಂಡ ಒಂದೊಂದು ಕಲೆಗೂ 'ಇಲ್ಲೇ ಏಕೆ?', 'ಇಷ್ಟೇ ಏಕೆ?' ಎಂಬ ಎರಡು ಪ್ರಶ್ನೆಗೆ ಉತ್ತರ ಬರೆಯಬೇಕೆಂದು ನಿಯಮ ಮಾಡಿಕೊಂಡೆವು. ಉದ್ದ ಅಗಲಕ್ಕೆ ಅನ್ವಯಿಸಿದ ಅನುಪಾತ ಕಲೆಗೂ ಅನ್ವಯಿಸುತ್ತದೆ ಎಂದು ಅವರು ಕಂಡುಕೊಂಡದ್ದು ಆ ತಪ್ಪಿನಿಂದ.

ಪ್ರಶಿಕ್ಷಣಾರ್ಥಿಗಳಿಗೂ ಮಾರ್ಗದರ್ಶಕರಿಗೂ

ಕೆಲಸಕ್ಕೆ ಹತ್ತು ಅವಧಿ ಹಿಡಿಯಿತು: ಅಳತೆಗೆ ಎರಡು, ಒಡಲಿಗೆ ನಾಲ್ಕು, ವೀಕ್ಷಣೆ ಮತ್ತು ಪ್ರಯೋಗಕ್ಕೆ ಎರಡು, ಹಳಮೆಗೆ ಎರಡು. ಗಣಿತ, ವಿಜ್ಞಾನ, ಕಾರ್ಯಾನುಭವದ ಅವಧಿಗಳನ್ನು ಮುಖ್ಯ ಶಿಕ್ಷಕರೊಡನೆ ಮೊದಲೇ ಮಾತಾಡಿ ಹೊಂದಿಸಿಕೊಳ್ಳಿ. ಇಡೀ ನೌಕೆ ಆಗದಿದ್ದರೆ ಮೂತಿಯ ಮೂವತ್ತು ಸೆಂಟಿಮೀಟರ್ ಮಾತ್ರ ಮಾಡಿ. ಲಂಗರು, ಸರಪಳಿ, ತುಕ್ಕಿನ ಗೆರೆ ಎಲ್ಲವೂ ಅಲ್ಲೇ ಸಿಗುತ್ತವೆ. ಪ್ರವಾಸಕ್ಕೆ ಉತ್ತರ ಕನ್ನಡಕ್ಕೆ ಹೋಗುವ ಶಾಲೆಯಾದರೆ ಕಾರವಾರದ ಕಡಲತೀರದಲ್ಲಿ ಸಂಗ್ರಹಾಲಯವಾಗಿ ಇಟ್ಟಿರುವ ಐಎನ್‌ಎಸ್ ಚಪಲ್ ನೌಕೆಯನ್ನು ಮಕ್ಕಳು ಪಟ್ಟಿ, ಪೆನ್ಸಿಲ್ ಹಿಡಿದು ನೋಡಲಿ.

ಮಾದರಿ ಮುಗಿದಾಗ ಅಲ್ಲಲ್ಲಿ ಪಟ್ಟಿ ಉಬ್ಬಿತ್ತು, ಒಂದು ನಳಿಗೆ ಸ್ವಲ್ಪ ವಾಲಿತ್ತು. ಹಿಂದಿನ ಥರ್ಮೋಕೋಲ್ ನೌಕೆಯ ಅಂದ ಇದಕ್ಕಿರಲಿಲ್ಲ. ಆದರೆ ಅಂತಿಮ ಪಾಠದ ದಿನ ಪ್ರಶಿಕ್ಷಣಾರ್ಥಿ ಹಿಂದೆ ನಿಂತರು, ಮಕ್ಕಳೇ ವಿವರಿಸಿದರು. ತುಕ್ಕು ಎಲ್ಲಿ ಎಂದು ಕೇಳಿದ್ದ ಹುಡುಗಿ ಲಂಗರಿನ ಕೆಳಗಿನ ಗೆರೆಗೆ ಬೆರಳಿಟ್ಟು, "ಇದು ಎರಡು ಸೆಂಟಿಮೀಟರ್, ಅಂದ್ರೆ ನಿಜವಾದ ಹಡಗಲ್ಲಿ ಎರಡು ಮೀಟರ್. ಸರಪಳಿ ಉಜ್ಜಿ ಬಣ್ಣ ಹೋಗುತ್ತೆ, ಉಪ್ಪುನೀರು ಇಳಿಯುತ್ತೆ" ಎಂದಳು.

ಅಂದಿನಿಂದ ಆ ಕಲಂನಲ್ಲಿ ಅಂಕ ಬರೆಯುವ ಮೊದಲು ಮಾದರಿಯ ಪ್ರಮಾಣವೆಷ್ಟು, ಅದರಲ್ಲಿ ಮಕ್ಕಳು ಅಳೆದದ್ದೇನು, ಅವರು ಮಾಡಿ ತಿದ್ದಿಕೊಂಡ ತಪ್ಪು ಯಾವುದು ಎಂದು ಕೇಳುತ್ತೇನೆ. ಮೊದಲ ಪಾಠಕ್ಕೆ ಕೊಟ್ಟ ಪೂರ್ಣ ಅಂಕವನ್ನು ಹಿಂತೆಗೆಯಲು ಬರುವುದಿಲ್ಲ. ಮುಂದಿನ ನಮೂನೆಗಳನ್ನಾದರೂ ಹೀಗೆ ತುಂಬೋಣ.